ಜೇಡದ ಮರಿಗೂ ಶ್ರಾವಣ ಸೋಮವಾರ

ಗೆಳತ್ಯಾರ, ಇವತ್ತ ಮುಂಜಾನೆ ನಮ್ಮ ಯಜಮಾನ್ರು ನನ್ನ ಈಳಿಗಿ ಮ್ಯಾಲೆ ಗೆದ್ದಲ ಹೆಚ್ಚಾಕ ಕುಂತಿದ್ರು. ಅವರು ಸಾಕಾಕಂತ ಗಣೇಶಗುಡಿ ಕಾಡಿಂದ ತಂದ ಮೈತುಂಬ ಕೂದಲಿನ ಜೇಡ ಮರಿ ಹಾಕೇತಿ, ಅವಕ್ಕ ಊಟ ಅಂತ. ಒಂದೊಂದು ಮರಿ ಸಾಸಿವಿ ಕಾಳಿನಷ್ಟ. ಒಂದೊಂದಕ್ಕೂ ಬ್ಯಾರೆ ಫೋಟೋ ರೀಲಿನ ಡಬ್ಬಿ.

ಅತ್ತಿ ಬಂದು ಈಳಿಗಿ ಕಸಗೊಂಡ್ರು. "ಶ್ರಾವಣ ಸೋಮವಾರ ಐತಿ. ಇವತ್ತ ಅವಕ್ಕೂ ಉಪಾಸ," ಅಂದು, ಡಬ್ಬಿಗೊಂದು ನೆನಸಿದ ಸಾಬೂದಾಣಿ ಕಾಳು ಹಾಕಿದ್ರು. ಕಾಳು ಮರಿಗಿಂತ ದೊಡ್ಡದು. ಮರಿಗಳು ಹೆದರಿ ಮೂಲಿ ಸೇರಿದ್ವು.

ಸಂಜೀಕ ನಾ ಒಲಿ ಮುಂದ ಇದ್ದೆ. ಹಿಂದಿಂದ ಯಜಮಾನ್ರು ಅಂದ್ರು, "ಪಾಪ, ಮುಂಜಾನೆಯಿಂದ ಹೊಟ್ಟಿಗೇನೂ ಬಿದ್ದಿಲ್ಲ."

ಉಪಾಸ ನಂದೂ ಇತ್ತು. ಮದುವಿಯಾಗಿ ಒಂಬತ್ತು ವರ್ಷಕ್ಕ ನನ್ನ ಹಸಿವಿ ನೆನಪಾತಲ್ಲ ಅಂತ ತಿರುಗಿ ನೋಡಿದೆ. ಅವರು ಡಬ್ಬಿ ಮುಚ್ಚಳ ತೆಗೆದು ಒಳಗ ನೋಡ್ತಿದ್ರು.