ಬಣ್ಣ ನಿಂತ ಜಾಗ

ಮೈಸೂರಿನ ಪದ್ಮಿನಿ ಆಂಟಿ ೧೯೯೧ರಲ್ಲಿ ಆಸ್ಟ್ರೇಲಿಯಾದ ಕ್ಲೇಟನ್‌ನ ಪ್ರಯೋಗಾಲಯವೊಂದರಲ್ಲಿ, ಸೋಪಿನ ಅಣುಗಳು ನೀರಿನಲ್ಲಿ ಕಟ್ಟಿಕೊಳ್ಳುವ ಸೂಕ್ಷ್ಮ ಉಂಡೆಗಳ ಒಳಭಾಗವನ್ನು ಪರೀಕ್ಷಿಸುತ್ತಿದ್ದರು. ಉಂಡೆಗೆ ಸೇರಿಸಿದ ಬಣ್ಣ ನೀರಿನ ನಡುವೆ ಒಂದು ತರಹ, ಎಣ್ಣೆಯ ನಡುವೆ ಇನ್ನೊಂದು ತರಹ ಕಾಣುತ್ತದೆ. ಅದು ನೀರಿನ ನಡುವೆ ಇದ್ದಂತೆಯೇ ಕಂಡದ್ದರಿಂದ, ಉಂಡೆಯ ಒಳಗೂ ನೀರಿದೆ ಎಂಬುದೇ ಅವರ ಪಿಎಚ್‌ಡಿಯ ತಿರುಳು. ಸಿಡ್ನಿಯ ಸಮ್ಮೇಳನಕ್ಕೆ ಹೊರಡುವ ಹಿಂದಿನ ದಿನ, ಬಣ್ಣ ಒಳಗೆ ಹೋಗದೆ ಅಂಚಿನಲ್ಲೇ ನಿಂತಿದೆ ಎಂದು ಬೇರೊಂದು ಪರೀಕ್ಷೆ ತೋರಿಸಿತು.

“ಅಲ್ಲಿ ಯಾರೂ ಕೇಳಲ್ಲ ಕಣೇ. ಮೊದಲು ಥೀಸಿಸ್ ಮುಗಿಸು,” ಎಂದರು ಗಂಡ ಚಕ್ರಪಾಣಿ ಅಂಕಲ್.

“ಬಾಗಿಲಲ್ಲಿ ನಿಂತ್ಕೊಂಡು ಒಳಗಿನ ರೂಮ್ ಹೀಗಿದೆ ಅಂತ ಹೇಗ್ರೀ ಹೇಳ್ಲಿ?”

ಸಿಡ್ನಿಯಲ್ಲಿ ಅವರು, ತಾವು ಅಳೆದದ್ದು ಅಂಚನ್ನು ಮಾತ್ರ ಎಂದು ಹೇಳಿಯೇ ಮಾತು ಶುರುಮಾಡಿದರು. ಪಿಎಚ್‌ಡಿ ಮುಗಿಯಲು ಇನ್ನೂ ಎರಡು ವರ್ಷ ಹಿಡಿಯಿತು.