ಮೂರು ತಾಲ್ಲೂಕಿಗೂ ಮಳವಳ್ಳಿ

ಶಿವಲಿಂಗಯ್ಯನವರು ಬಂದದ್ದು ಮೊದಲು ಮೂಗಿಗೆ ತಿಳಿಯುತ್ತಿತ್ತು. ಸದಾ ಲವಂಗ ಅಗಿಯುವ ಬಾಯಿ. ಬೆನ್ನ ಹಿಂದೆ ನಿಂತು ನಮ್ಮ ಕಂಪ್ಯೂಟರನ್ನು ಕಣ್ಣಲ್ಲೇ ಜಾಲಾಡಿ, ತುಟಿಪಿಟಕ್ಕೆನ್ನದೆ ಹೋಗಿಬಿಡುವರು. ಮಂಡ್ಯದ ಆ ಕಬ್ಬು ಸಂಶೋಧನೆಯ ಕಚೇರಿಯಲ್ಲಿ ನಾನು ಒಂದು ವರ್ಷದ ಗುತ್ತಿಗೆಯವಳು, ಅವರು ಸಂಖ್ಯಾಶಾಸ್ತ್ರ ವಿಭಾಗದ ಮುಖ್ಯಸ್ಥರು. ಆ ಮನುಷ್ಯನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ; ಈಗಲೂ ಆಗುವುದಿಲ್ಲ.

ವಿದ್ಯೆಯಲ್ಲಿ ಮಾತ್ರ ಗಟ್ಟಿಗ, ಸುಳ್ಳೇಕೆ ಹೇಳಲಿ. ಇಳುವರಿಯ ಅಂದಾಜಿಗೆಂದು ತಾಲ್ಲೂಕಿಗೊಂದು ಫಂಕ್ಷನ್, ಅಂದರೆ ಲೆಕ್ಕ ಹಾಕಿಕೊಡುವ ಪುಟ್ಟ ಪ್ರೋಗ್ರಾಂ, ಬರೆಯುತ್ತ ಕೂತಿದ್ದವಳಿಗೆ, ಫಂಕ್ಷನ್‌ಗಳನ್ನೇ ತಯಾರಿಸಿ ಕೊಡುವ ಒಂದು ಫಂಕ್ಷನ್ ಬರೆಯಲು ಹೇಳಿಕೊಟ್ಟವರು ಅವರೇ.

“ಕುಲುಮೆಯೋನು ಕಬ್ಬು ಕಡಿಯಾಕಿಲ್ಲ ಕಣಮ್ಮ, ಮಚ್ಚು ಬಡುದು ಕೊಡ್ತಾನೆ. ನೀನು ಕುಲುಮೆ ಆಕು. ತಾಲ್ಲೂಕಿನ ಎಸ್ರು ಕೊಟ್ರೆ ಅದರದೇ ಮಚ್ಚು ಈಚೆಗೆ ಬರ್ಬೇಕು.”

ಹಾಕಿದೆ. ಮಂಡ್ಯ, ಮದ್ದೂರು, ಮಳವಳ್ಳಿ ಎಂದು ಸಾಲಾಗಿ ಹೆಸರು ಕೊಟ್ಟು ಮೂರು ಫಂಕ್ಷನ್ ಮಾಡಿಸಿಕೊಂಡು ವರದಿ ಸಿದ್ಧಪಡಿಸಿದೆ. ಅದನ್ನು ಸಮಿತಿ ಒಪ್ಪಿದರೆ ನನ್ನ ಗುತ್ತಿಗೆ ಮುಂದುವರಿಯುತ್ತಿತ್ತು.

ಸಮಿತಿಯಲ್ಲಿ ಮದ್ದೂರಿನ ರೈತರೊಬ್ಬರಿದ್ದರು. ಮೊಬೈಲಿನಲ್ಲಿ ಭಾಗಿಸಿ ನೋಡಿ, “ಮೂರಕ್ಕೂ ಎಕರೆಗೆ ಒಂದೇ ಇಳುವರಿ ಬಂದದಲ್ಲವ್ವ! ಅದೂ ಮಳವಳ್ಳೀದು. ನಮ್ಮ ಮದ್ದೂರ ಅಲ್ಲಿಗೆ ಯಾವಾಗ ಸೇರಿಸ್ಬುಟ್ಟೆ?” ಎಂದರು. ಎಲ್ಲರೂ ಗೊಳ್ಳೆಂದರು. ವಿಸ್ತೀರ್ಣ ಬೇರೆ ಬೇರೆಯಾದ್ದರಿಂದ ಒಟ್ಟು ಟನ್ನುಗಳೂ ಬೇರೆ ಬೇರೆ ಬಂದಿದ್ದವು. ಅದನ್ನು ನೋಡಿ ನಾನು ಮೋಸಹೋಗಿದ್ದೆ.

ಹೊರಗೆ ಬಂದ ಮೇಲೆ ಶಿವಲಿಂಗಯ್ಯ ಬಾಯಿಬಿಟ್ಟರು.

“ನಿನ್ ಕುಲುಮೆಯೋನು ಸೋಂಬೇರಿ. ಬೋರ್ಡಲ್ಲಿ ಒಂದ ಅಳ್ಸಿ ಇನ್ನೊಂದು ಬರ್ದಂಗೆ ನೀನು ಕೊಡೋ ಎಸ್ರ ಆಗ ನೋಡಾಕಿಲ್ಲ, ನೀನು ಮಚ್ಚು ಎತ್ತಿದಾಗ ನೋಡ್ತಾನೆ. ಅಷ್ಟೊತ್ಗೆ ಬೋರ್ಡಲ್ಲಿ ಉಳ್ಕೊಂಡಿರಾದು ಕೊನೇದು, ಮಳವಳ್ಳಿ. ‘ಈಗ್ಲೇ ನೋಡ್ಕೊ’ ಅಂತ ಒಂದು ಸಾಲು ಬರೀಬೇಕಿತ್ತು.”

“ನಿಮಗೆ ಮೊದಲೇ ಗೊತ್ತಿತ್ತಾ ಸಾರ್?”

“ಸೋಮವಾರನೇ ನೋಡ್ದೆ. ಆಗ್ಲೇ ಏಳಿದ್ರೆ ನೀನು ಮರ್ತೋಯ್ತಿದ್ದೆ. ಈಗ ಸಾಯಗಂಟ ಮರೆಯಾಕಿಲ್ಲ.”

ನನ್ನ ಗುತ್ತಿಗೆ ಅಲ್ಲಿಗೆ ಮುಗಿಯಿತು. ಆ ಒಂದು ಸಾಲನ್ನು ನಾನು ಮರೆತಿಲ್ಲ, ನಿಜ; ಅವರ ಮಾತೇ ಗೆದ್ದಿತಲ್ಲ ಎಂದು ಇನ್ನಷ್ಟು ಉರಿಯುತ್ತದೆ. ಈಗ ಮಳವಳ್ಳಿಯ ಕಾಲೇಜೊಂದರಲ್ಲಿ ಅದೇ ಪಾಠ ಮಾಡುತ್ತೇನೆ. ವಿದ್ಯಾರ್ಥಿಗಳ ತಪ್ಪು ಕಣ್ಣಿಗೆ ಬಿದ್ದ ಕೂಡಲೇ ಹೇಳುತ್ತೇನೆ. ಅವರು ಮರೆಯುತ್ತಾರೆ. ಮತ್ತೆ ಹೇಳುತ್ತೇನೆ.

ಹೋದ ತಿಂಗಳು ಶಿವಲಿಂಗಯ್ಯ ತೀರಿಕೊಂಡರು. ಶ್ರದ್ಧಾಂಜಲಿ ಸಭೆಯಲ್ಲಿ ಶಿಷ್ಯೆಯಾಗಿ ಎರಡು ಮಾತಾಡಬೇಕೆಂದು ಹಳೆಯ ಕಚೇರಿಯಿಂದ ಫೋನು ಬಂತು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದಂತೆ. ಅದಕ್ಕೇ ಹೋಗಲಿಲ್ಲ.