ಮಗ್ಗ ನಿಂತಾಗ ಓಡಿದ ಸರ್ವರ್

ಕೊರೊನಾ ಅಡಗಿದ ಮರುವರ್ಷ ನಾನು ಕೊಯಮತ್ತೂರಿನ ಹತ್ತಿರದ ಪೆರಿಯನಾಯಕನಪಾಳ್ಯಂನಲ್ಲಿ, ಒಂದು ನೂಲಿನ ಗಿರಣಿಯ ಸಿಸ್ಟಮ್ ಅಡ್ಮಿನಿಸ್ಟ್ರೇಟರ್ ಆಗಿದ್ದೆ. ಕಂಪ್ಯೂಟರುಗಳು ಕೆಟ್ಟರೆ ಬೈಸಿಕೊಳ್ಳುವುದು, ಸರಿಯಾಗಿದ್ದರೆ ಯಾರ ನೆನಪಿಗೂ ಬಾರದಿರುವುದು, ಇದೇ ನನ್ನ ಉದ್ಯೋಗ. ನನ್ನ ಮೈಸೂರು ಕಡೆಯ ಕನ್ನಡ ಕೇಳಿ, ನೂಲು ಒಯ್ಯಲು ಪಲ್ಲಡಂನಿಂದ ಬಂದಿದ್ದ ನಾಗರಾಜ್ ಒಂದು ದಿನ ಮಾತಿಗೆ ನಿಂತರು. ಅವರದು ತಲೆಮಾರುಗಳಿಂದ ಅಲ್ಲೇ ನೆಲೆಸಿದ ನೇಕಾರರ ಮನೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು.

ಅವರ ತಂಗಿ ಮಂಜುಳಾ ವಿದ್ಯುತ್ ಮಗ್ಗಗಳ ಶೆಡ್ಡಿನಲ್ಲಿ ಎರಡು ಮಗ್ಗಗಳನ್ನು ತೆಗೆಸಿ, ಆ ಜಾಗದಲ್ಲಿ ಗೇಮ್ ಸರ್ವರ್ ಇಟ್ಟಿದ್ದಳು. ಗೇಮ್ ಸರ್ವರ್ ಎಂದರೆ, ತಮ್ಮ ತಮ್ಮ ಮನೆಗಳಲ್ಲಿ ಕೂತು ಒಂದೇ ಆಟ ಆಡುವವರಿಗೆಲ್ಲ ಅಂಪೈರ್. ಯಾರ ಗುಂಡು ಯಾರಿಗೆ ಮೊದಲು ತಗುಲಿತು ಎಂದು ಅದೇ ಹೇಳಬೇಕು. ಸರ್ವರ್ ಹತ್ತಿರವಿದ್ದಷ್ಟೂ ಆಟ ಚುರುಕು. ಹಾಗಾಗಿ ಕೊಯಮತ್ತೂರಿನ ಕಾಲೇಜು ತಂಡಗಳ ಲೀಗ್ ಒಂದು ಅವಳ ಸರ್ವರಿನ ಮೇಲೆ ಕಣ್ಣಿಟ್ಟಿತ್ತು. ಆದರೆ ಆಟ ಆಗಾಗ ಮುಗ್ಗರಿಸುತ್ತಿತ್ತು.

"ನೀವು ಕೊಂಜ ಬಂದು ನೋಡ್ಬೇಕು ಸಾರ್," ಎಂದರು ನಾಗರಾಜ್. "ದೀಪಾವಳಿ ಒಳಗೆ ಸರಿಯಾದ್ರೆ ಆಗ್ಲಿ. ಇಲ್ಲಾಂದ್ರೆ ಅಲ್ಲಿ ತಿರ್ಗಾ ಎರಡು ತರಿ ಹಾಕ್ತೀನಿ."

ಅವರ ಬಾಯಲ್ಲಿ ಮಗ್ಗ ಯಾವಾಗಲೂ ತರಿಯೇ.

ನಾನು ಹೋದ ವಾರ ಪಲ್ಲಡಂನಲ್ಲಿ ಮುಷ್ಕರ. ವ್ಯಾಪಾರಿಗಳು ನೇಯ್ಗೆಯ ಕೂಲಿ ಏರಿಸಲಿ ಎಂದು ಮಗ್ಗದ ಮಾಲೀಕರೇ ಕೆಲಸ ನಿಲ್ಲಿಸಿದ್ದರು. ಊರು ತಣ್ಣಗಿತ್ತು. ಯೋಚನೆಗೆ ಒಳ್ಳೆಯ ಜಾಗ ಸಿಕ್ಕಿತೆಂದು ನಾನು ಖುಷಿಪಟ್ಟೆ.

ಲಿನಕ್ಸ್ ಕರ್ನಲ್ ಎಂಬುದು ಯಂತ್ರದ ಯಜಮಾನ. ಯಾವ ಪ್ರೋಗ್ರಾಮಿಗೆ ಪ್ರೊಸೆಸರ್ ಯಾವಾಗ ಸಿಗಬೇಕೆಂದು ತೀರ್ಮಾನಿಸುವುದು ಅದೇ. ಸಾಮಾನ್ಯ ಸರ್ವರ್ ಕರ್ನಲ್ ಸೀಟು ತುಂಬುವವರೆಗೆ ಹೊರಡದ ವ್ಯಾನಿನ ಹಾಗೆ. ಹೆಚ್ಚು ಹೊರುತ್ತದೆ, ಕಾಯಿಸುತ್ತದೆ. ಆಟಕ್ಕೆ ಕಾಯುವಷ್ಟು ವ್ಯವಧಾನವಿಲ್ಲ. ಸೆಕೆಂಡಿಗೆ ಅರವತ್ತನಾಲ್ಕು ಬಾರಿ ತೀರ್ಪು ಕೊಡಬೇಕು. ನಾನು ಲೋ-ಲೇಟೆನ್ಸಿ ಕರ್ನಲ್ ಆರಿಸಿದೆ, ಅಂದರೆ ತಡಮಾಡದೆ ಕೈ ಬದಲಿಸುವ ಬಗೆಯದು. ಪ್ರೊಸೆಸರಿನ ಎರಡು ಕೋರ್‌ಗಳನ್ನು ಆಟಕ್ಕೆಂದೇ ಮೀಸಲಿಟ್ಟೆ. ನೆಟ್‌ವರ್ಕ್ ಕಾರ್ಡಿನ ಕರೆಗಳೆಲ್ಲ ಬೇರೆ ಕೋರಿಗೆ ಹೋಗುವಂತೆ ಮಾಡಿದೆ. ವಿದ್ಯುತ್ ಉಳಿಸಲು ಪ್ರೊಸೆಸರ್ ವೇಗ ತಗ್ಗಿಸುವುದನ್ನೂ ನಿಲ್ಲಿಸಿದೆ. ಮುಗ್ಗರಿಕೆ ಮಾಯವಾಯಿತು. ಮಂಜುಳಾ ಚಪ್ಪಾಳೆ ತಟ್ಟಿದಳು. ನಾನೂ ಸ್ವಲ್ಪ ಉಬ್ಬಿದೆ, ಸುಳ್ಳೇಕೆ?

ಲೀಗಿನ ಪರೀಕ್ಷಾ ಪಂದ್ಯ ಭಾನುವಾರಕ್ಕೆ ನಿಗದಿಯಾಯಿತು. ಹಿಂದಿನ ದಿನ ಕೂಲಿ ಒಪ್ಪಂದವಾಗಿ ಮುಷ್ಕರ ಮುಗಿದಿತ್ತು. ಭಾನುವಾರ ಮಗ್ಗಗಳಿಗೆ ರಜೆ, ಆದರೆ ನಿಂತುಹೋದ ಬಟ್ಟೆ ನೇಯ್ದು ಕೊಡಬೇಕಲ್ಲ, ಆ ಭಾನುವಾರ ಇಡೀ ಪಲ್ಲಡಂ ಓಡಿತು. ಪಂದ್ಯವೂ ಶುರುವಾಯಿತು. ಮೊದಲ ಸುತ್ತಿನಲ್ಲೇ ಆಟ ಹೆಪ್ಪುಗಟ್ಟಿತು. ನಾನು ಗಿರಣಿಯ ಕೋಣೆಯಿಂದಲೇ ಸರ್ವರ್ ಎಷ್ಟು ತಡಮಾಡುತ್ತಿದೆ ಎಂದು ತೋರಿಸುವ ಗ್ರಾಫ್ ನೋಡುತ್ತಿದ್ದೆ. ಅರ್ಧ ಆಟಕ್ಕೇ ತಂಡಗಳು ಎದ್ದುಹೋದವು. ಮಂಜುಳಾ ಫೋನ್ ಮಾಡಿದಳು.

"ಎಲ್ಲಾರೂ ಹೋಗ್ಬಿಟ್ರು ಸಾರ್. ಚೆನ್ನೈ ಸರ್ವರ್ ಹಿಡಿತೀವಿ ಅಂದ್ರು."

ಅವಳ ದನಿಯ ಹಿಂದೆ ಕಿವಿ ತೂತು ಬೀಳುವಷ್ಟು ಸದ್ದಿತ್ತು. ನನಗೆ ಕೇಳಿಸಿತು, ಹೊಳೆಯಲಿಲ್ಲ. ಅವಳಿಗೋ ಅದು ಹುಟ್ಟಿದಾಗಿನಿಂದ ಕಿವಿಯಲ್ಲಿರುವ ಸದ್ದು, ಸದ್ದೆಂದೇ ಲೆಕ್ಕವಿಲ್ಲ. ಆಮೇಲೆ ನಾನು ದೂರದಿಂದಲೇ ಕರ್ನಲ್ ಮೇಲೆ ಕರ್ನಲ್ ಬದಲಿಸಿದೆ. ರಿಯಲ್-ಟೈಮ್ ಕರ್ನಲ್ ಹಾಕಿದೆ, ಹಳೆಯದಕ್ಕೆ ಮರಳಿದೆ. ಏನೂ ಗಿಟ್ಟಲಿಲ್ಲ.

ಕೊನೆಗೆ ಪಲ್ಲಡಂಗೆ ಹೋದೆ. ಶೆಡ್ಡಿನಲ್ಲಿ ಮಾತಾಡಲು ಕೂಗಬೇಕಿತ್ತು. ಬಗ್ಗಿ ಕೇಬಲ್ ನೋಡಲೆಂದು ಸರ್ವರ್ ಪೆಟ್ಟಿಗೆಯ ಮೇಲೆ ಕೈಯೂರಿದೆ. ಮಗ್ಗಗಳ ಅದುರಾಟ ಮೊಣಕೈವರೆಗೆ ಬಂತು. ಒಳಗಿದ್ದದ್ದು ತಟ್ಟೆ ತಿರುಗುವ ಹಳೇ ಹಾರ್ಡ್ ಡಿಸ್ಕ್. ಆಟವನ್ನು ಅದರಲ್ಲಿ ದಾಖಲಿಸುವಾಗ ಈ ಅದುರಾಟಕ್ಕೆ, ತಟ್ಟೆಯ ಮೇಲೆ ಬರೆಯುವ ಮುಳ್ಳು ದಾರಿ ತಪ್ಪುತ್ತಿತ್ತು. ಮುಳ್ಳು ದಾರಿಗೆ ಬರುವವರೆಗೆ ಆಟ ಕಾಯುತ್ತಿತ್ತು. ಮುಷ್ಕರದ ವಾರ ಗೆದ್ದದ್ದು ನನ್ನ ಕರ್ನಲ್ ಅಲ್ಲ, ನಿಂತ ಮಗ್ಗಗಳು.

ಮಾರನೆಯ ದಿನ ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ತಂದು ಹಾಕಿದೆ. ಅಷ್ಟೂ ಮಗ್ಗಗಳು ಬಡಿಯುತ್ತಿದ್ದರೂ ಗ್ರಾಫ್ ಗೆರೆ ಎಳೆದ ಹಾಗೆ ನೇರವಾಯಿತು. ನನ್ನ ವೃತ್ತಿಯಲ್ಲಿ ಅಷ್ಟು ಚೆನ್ನಾಗಿ ಓಡಿದ ಸರ್ವರ್ ಇನ್ನೊಂದಿಲ್ಲ. ಪರದೆಯ ಮೂಲೆಯಲ್ಲಿ ಆಟಗಾರರ ಸಂಖ್ಯೆ ಸೊನ್ನೆ ಇತ್ತು. ಮಂಜುಳಾ ಲೀಗಿನವರಿಗೆ ಫೋನ್ ಮಾಡಿದಳು. ಈ ವರ್ಷಕ್ಕೆ ಚೆನ್ನೈಯೇ ಸಾಕು, ಮುಂದೆ ನೋಡೋಣ ಎಂದರಂತೆ. ಆ ನೋಡೋಣದ ಅರ್ಥ ಅವಳಿಗೂ ಗೊತ್ತಿತ್ತು.

ಯಂತ್ರವನ್ನು ಅದು ಬದುಕುವ ಜಾಗದಲ್ಲಿ, ಆ ಜಾಗದ ಗದ್ದಲದಲ್ಲೇ ಪರೀಕ್ಷಿಸಬೇಕೆಂದು ಈ ಕೆಲಸ ನನಗೆ ಕಲಿಸಿತು. ಕರ್ನಲ್ ತಪ್ಪಿದರೆ ರೀಸ್ಟಾರ್ಟ್ ಮಾಡಿ ಬೇರೆಯದನ್ನು ಹಾಕಬಹುದು. ಎದ್ದುಹೋದ ಜನಕ್ಕೆ ರೀಸ್ಟಾರ್ಟ್ ಇಲ್ಲ. ಪಾಠ ನನಗೆ ದಕ್ಕಿತು, ಅದರಿಂದ ಮಂಜುಳಾಗೆ ಏನೂ ಸಿಗಲಿಲ್ಲ.

ದೀಪಾವಳಿಗೆ ಮೊದಲೇ ನಾಗರಾಜ್ ಮಗ್ಗ ಕೂರಿಸುವ ಫಿಟ್ಟರನ್ನು ಕರೆತಂದರು. ಸರ್ವರ್ ಬಿಚ್ಚಿಕೊಡಲು ನಾನೂ ಹೋಗಿದ್ದೆ. ನಾಗರಾಜ್ ತಂಗಿಯ ಮುಖ ನೋಡದೆ ಅಳತೆ ಟೇಪ್ ಹಿಡಿದು ಬಗ್ಗಿದರು. ಅವಳು ನನ್ನ ಕಡೆ ತಿರುಗಿದಳು.

"ತೆಗೆಯೋ ಮುಂಚೆ ಒಂದ್ ತಡವೆ ನಾವೇ ಆಡೋಣ್ವಾ ಸಾರ್?"

ನನಗೆ ಆಟ ಬರುತ್ತಿರಲಿಲ್ಲ. ಆದರೂ ಕೂತೆ. ಗೋಡೆಯ ಮರೆಯಿಂದ ಬಂದು ಅವಳು ನನ್ನನ್ನು ಹೊಡೆದಳು. ಗುಂಡು ಒಂದಿಷ್ಟೂ ತಡವಾಗದೆ ತಗುಲಿತು. ನಮ್ಮ ಬೆನ್ನ ಹಿಂದೆ ನಾಗರಾಜ್ ಸೀಮೆಸುಣ್ಣದಿಂದ ನೆಲದ ಮೇಲೆ ಮಗ್ಗದ ಗುರುತು ಹಾಕುತ್ತಿದ್ದರು.